ಬೀಗ ಬಿದ್ದ ಅಕ್ಷರಗಳು

ಜಮಖಂಡಿಯಲ್ಲಿ ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ರಜೆ ಬಂದಾಗಲೆಲ್ಲ ರಬಕವಿ-ಬನಹಟ್ಟಿಗೆ ಹೋಗುವ ರೂಢಿ ಇಟ್ಟುಕೊಂಡಿದ್ದೆ. ಅಲ್ಲಿಯ ನೇಕಾರರ ಮನೆಗಳಲ್ಲಿ ಕುಳಿತು, ಮಗ್ಗದ ಸಪ್ಪಳದ ನಡುವೆಯೇ, ಅವರ ಕಸುಬಿನ ಮಾತುಗಳನ್ನು ಬರೆದುಕೊಳ್ಳುತ್ತಿದ್ದೆ. ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ನಿಘಂಟಿನಲ್ಲಿವೆ. ಆದರೆ ಕಡಿದ ಎಳೆಯನ್ನು ಕೂಡಿಸುವ ಗಂಟುಗಳಿಗೆ, ಗಂಜಿ ಹಚ್ಚಿದ ನೂಲಿನ ಹದಕ್ಕೆ, ಮಗ್ಗದ ಸಣ್ಣಪುಟ್ಟ ಅಂಗಗಳಿಗೆ ಅವರಲ್ಲಿ ಇದ್ದ ಹೆಸರುಗಳು ಯಾವ ನಿಘಂಟಿನಲ್ಲೂ ನನಗೆ ದೊರೆಯಲಿಲ್ಲ. ಹದಿನೈದು ವರ್ಷದಲ್ಲಿ ನಾಲ್ಕು ವಹಿಗಳು ತುಂಬಿದವು.

1997ರಲ್ಲಿ ಆ ವಹಿಗಳನ್ನು ಒಂದು ಡಿಟಿಪಿ ಅಂಗಡಿಗೆ ಕೊಟ್ಟು ಬೆರಳಚ್ಚು ಮಾಡಿಸಿದೆ. ಪುಸ್ತಕವಾಗಿ ಅಚ್ಚು ಹಾಕಿಸಲು ಹಣ ಸಾಲಲಿಲ್ಲ. ಅಂಗಡಿಯವರು ಎರಡು ಫ್ಲಾಪಿಗಳನ್ನು ಕೈಗಿತ್ತು, "ನಿಮ್ಮ ಪುಸ್ತಕ ಇದರಾಗ ಭದ್ರ ಐತಿ ನೋಡ್ರಿ" ಎಂದರು. ವಹಿಗಳನ್ನು ಆಮೇಲೆ ಒಯ್ದರಾಯಿತೆಂದು ಅಲ್ಲಿಯೇ ಬಿಟ್ಟೆ. ಅದು ನನ್ನದೇ ಉದಾಸೀನ. ಕೆಲವು ವರ್ಷಗಳಲ್ಲಿ ಅಂಗಡಿ ಮುಚ್ಚಿತು, ವಹಿಗಳು ರದ್ದಿಗೆ ಹೋದವು. 2011ರಲ್ಲಿ, ನಿವೃತ್ತನಾದ ಮೇಲೆ, ಫ್ಲಾಪಿಯಲ್ಲಿದ್ದುದನ್ನು ಹೊಸ ಗಣಕಯಂತ್ರಕ್ಕೆ ಇಳಿಸಿ ತೆರೆದು ನೋಡಿದಾಗ ಪರದೆಯ ಮೇಲೆ ಒಂದು ಕನ್ನಡದ ಅಕ್ಷರವೂ ಇರಲಿಲ್ಲ. ಟೊಪ್ಪಿಗೆ ಹೊತ್ತ, ಬಾಲ ಬಂದ, ಯಾವ ಭಾಷೆಯವೋ ತಿಳಿಯದ ಚಿಹ್ನೆಗಳು ಪುಟಪುಟ ತುಂಬಿದ್ದವು.

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಆ ದಿನ ಮನೆಗೆ ಬಂದಿದ್ದರು. ಒಬ್ಬನು ಮುಧೋಳದವನು, ಬೆಂಗಳೂರಿನಲ್ಲಿ ಗಣಕದ ಕೆಲಸ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಭಕ್ತ. ಇನ್ನೊಬ್ಬನು ಬೀಳಗಿಯವನು, ತಾಲೂಕು ಕಚೇರಿಯ ನೌಕರ. ಮುಧೋಳದವನು ಪರದೆಯನ್ನು ನೋಡಿ ಹೇಳಿದ:

"ಸರ್ರ, ಇದರಾಗ ಕನ್ನಡ ಇಲ್ಲೇ ಇಲ್ಲರಿ. ಇಂಗ್ಲಿಷ್ ಅಕ್ಷರದ ಮೈಮ್ಯಾಲೆ ಕನ್ನಡದ ಅಂಗಿ ತೊಡಿಸಿದ್ರು. ಅಂಗಿ ಕಳದ್ ಹೋತು, ಅಷ್ಟ."

ಆ ಒಂದು ಮಾತಿನ ಹಿಂದೆ ಕನ್ನಡ ಲಿಪಿಯ ಮೂವತ್ತು ವರ್ಷಗಳ ಇತಿಹಾಸವಿದೆ. ಆ ಕಥೆಯನ್ನೂ, ಅಂದು ಆ ಇಬ್ಬರಲ್ಲಿ ಹುಟ್ಟಿ ಈವರೆಗೆ ಮುಗಿಯದಿರುವ ವಾದವನ್ನೂ ನಿಮ್ಮೆದುರು ಇಡಬೇಕೆಂದಿದ್ದೇನೆ.

ಗಣಕಯಂತ್ರಕ್ಕೆ ಅಕ್ಷರವೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ. ಇಂಥ ಸಂಖ್ಯೆಗೆ ಇಂಥ ಅಕ್ಷರವೆಂದು ಮನುಷ್ಯರು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಇಂಗ್ಲಿಷಿಗೆ ಅಂಥ ಒಪ್ಪಂದ 1960ರ ದಶಕದಲ್ಲೇ ಆಗಿತ್ತು. ನಮ್ಮ ದೇಶದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದು ಶಿಷ್ಟ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿತು. ಅದೇ ವರ್ಷ ಹೊರಬಂದ ಯುನಿಕೋಡ್ ಎಂಬ ಜಾಗತಿಕ ಸಂಕೇತದ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ 128 ಮನೆಗಳ ಒಂದು ಓಣಿಯನ್ನು ಕಾದಿರಿಸಿದ್ದರು. ಆದರೆ ಒಪ್ಪಂದ ಕಾಗದದ ಮೇಲೆ ಇದ್ದರೆ ಅಚ್ಚಿನ ಅಂಗಡಿಯವನಿಗೆ ಏನು ಪ್ರಯೋಜನ? ಅಂದಿನ ಸಾಮಾನ್ಯ ಯಂತ್ರಗಳಿಗೆ ಕಾಗುಣಿತ, ಒತ್ತಕ್ಷರಗಳನ್ನು ಕೂಡಿಸುವ ಜ್ಞಾನವಿರಲಿಲ್ಲ. ಆದ್ದರಿಂದ ತಯಾರಕರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಫಾಂಟಿನಲ್ಲಿದ್ದ 256 ಮನೆಗಳನ್ನು ಖಾಲಿ ಮಾಡಿ, ಅಲ್ಲಿ ತಲೆಕಟ್ಟು, ಕೊಂಬು, ಏತ್ವ, ದೀರ್ಘ, ಒತ್ತುಗಳ ಚೂರುಗಳನ್ನು ಕೂಡಿಸಿದರು. ಯಂತ್ರಕ್ಕೆ ಅದು ಇಂಗ್ಲಿಷೇ. ನೋಡುವ ಕಣ್ಣಿಗೆ ಮಾತ್ರ ಕನ್ನಡ. ಯಾವ ಚೂರು ಯಾವ ಮನೆಯಲ್ಲಿ ಎಂಬುದನ್ನು ಒಬ್ಬೊಬ್ಬ ತಯಾರಕನೂ ತನ್ನಿಷ್ಟದಂತೆ ಗೊತ್ತುಮಾಡಿದ. ಒಬ್ಬನ ಫಾಂಟಿನಲ್ಲಿ ಬರೆದುದನ್ನು ಇನ್ನೊಬ್ಬನ ಫಾಂಟಿನಲ್ಲಿ ಓದಲಾಗದು. ಮೇಲಾಗಿ ಅನೇಕ ತಂತ್ರಾಂಶಗಳಿಗೆ ಯಂತ್ರದ ಬೆನ್ನಿಗೆ ಸಿಕ್ಕಿಸುವ ಒಂದು ಸಣ್ಣ ಬೀಗವಿರುತ್ತಿತ್ತು. ಅದಿಲ್ಲದೆ ತಂತ್ರಾಂಶ ಕಣ್ಣು ತೆರೆಯುತ್ತಿರಲಿಲ್ಲ. ನನ್ನ ಪುಸ್ತಕ ಹೋದದ್ದು ಅಂಥದೊಂದು ಬೀಗದ ಹಿಂದೆ.

ಇದು ನೇಕಾರರಿಗೆ ತಿಳಿಯದ ವಿಷಯವೇನಲ್ಲ. ಸೀರೆಯ ಅಂಚಿನಲ್ಲಿ ಹೂಬಳ್ಳಿಯನ್ನು ತೆಗೆಯುವ ಜಕಾರ್ಡ್ ಯಂತ್ರವನ್ನು ಫ್ರಾನ್ಸಿನ ಲಿಯಾನಿನಲ್ಲಿ 1804ರ ಸುಮಾರಿಗೆ ರೂಪಿಸಿದರು. ರಟ್ಟಿನ ಪಟ್ಟಿಯಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣನಯಂತ್ರದ ಕಲ್ಪನೆಗೆ ಈ ಪಟ್ಟಿಗಳನ್ನೇ ಎರವಲು ಪಡೆದ. ಹಾಗಾಗಿ ಗಣಕವು ಮಗ್ಗದ ದೂರದ ನೆಂಟ. ಮಗ್ಗದ ಮನೆಯಲ್ಲಿಯೂ ಹೊಂದಾಣಿಕೆಯ ತಕರಾರು ಇದ್ದೇ ಇದೆ: 120 ಕೊಕ್ಕೆಯ ಜಕಾರ್ಡಿಗೆಂದು ಕತ್ತರಿಸಿದ ಪಟ್ಟಿಯನ್ನು 240 ಕೊಕ್ಕೆಯದಕ್ಕೆ ತೊಡಿಸಲಾಗದು. ಆದರೆ ಅಲ್ಲಿ ತೂತುಗಳು ಕಣ್ಣಿಗೆ ಕಾಣುತ್ತವೆ. ಜಾಣ ನೇಕಾರ ಅವನ್ನು ಓದಿ ಬೇರೆ ಪಟ್ಟಿಯನ್ನು ಕತ್ತರಿಸಿಕೊಳ್ಳಬಲ್ಲ. ನನ್ನ ಫ್ಲಾಪಿಯಲ್ಲಿ ತೂತುಗಳೇ ಕಾಣುತ್ತಿರಲಿಲ್ಲ.

ಕನ್ನಡದ ಈ ಗೊಂದಲವನ್ನು ಬಿಡಿಸಲು ಹಲವರು ದುಡಿದಿದ್ದಾರೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರದ ಕ್ರಮವನ್ನೇ ಅನುಸರಿಸಿ, ಇಂಗ್ಲಿಷ್ ಕೀಲಿಮಣೆಯ ಕೀಲಿಗಳಲ್ಲಿಯೇ ಇಡೀ ವರ್ಣಮಾಲೆಯನ್ನು ಅಡಗಿಸಿದರು. ಒಂದು ಕೀಲಿಯನ್ನು ಸಂಯೋಗಕ್ಕೆ ಮೀಸಲಿಟ್ಟು ಒತ್ತಕ್ಷರಗಳ ಗುಂಪನ್ನೇ ಹೊರಗಿಟ್ಟರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಬೇಕಾದವರಿಗೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಹೊರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆಯತೊಡಗಿದ್ದು ಬಹುಮಟ್ಟಿಗೆ ಅದರಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯನ್ನು ಸರಕಾರ ಉಚಿತವಾಗಿ ಹಂಚಿತು, ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸವೇ ಅದಕ್ಕೆ ಆಧಾರವಾಯಿತು. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿಯವರು ಈ ವಿಷಯಕ್ಕೆ ತಲೆಹಾಕಿ, ಕನ್ನಡ ತಂತ್ರಾಂಶದ ಸ್ಥಿತಿಯ ಬಗ್ಗೆ ಬಹಿರಂಗವಾಗಿ ವಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು' ತಂತ್ರಾಂಶ ಬಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. ಒಬ್ಬ ಸಾಹಿತಿ ಕಾದಂಬರಿಯನ್ನು ಬದಿಗಿಟ್ಟು ಫಾಂಟಿನ ಜಗಳಕ್ಕೆ ಏಕೆ ಇಳಿದರೆಂದು ಆಗ ಕೆಲವರು ನಕ್ಕರು. ನನ್ನ ಫ್ಲಾಪಿಯನ್ನು ತೆರೆದ ದಿನ ನನಗೆ ಆ ಕಾರಣ ತಿಳಿಯಿತು.

ಇನ್ನು ಆ ಇಬ್ಬರ ವಾದಕ್ಕೆ ಬರುತ್ತೇನೆ.

ಮುಧೋಳದವನ ಪಕ್ಷ ಹೀಗೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಒಂದು ಸಂಕಲ್ಪವನ್ನು ಸಾರಿದ: ತಂತ್ರಾಂಶದ ಮೂಲಬರಹ ಎಲ್ಲರಿಗೂ ಕಾಣಬೇಕು, ಓದಲು, ತಿದ್ದಲು, ಪ್ರತಿ ಮಾಡಿ ಹಂಚಲು ಯಾರಿಗೂ ಅಡ್ಡಿ ಇರಕೂಡದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಒಂದು ವ್ಯವಸ್ಥೆಯ ತಿರುಳನ್ನು ಬರೆದು ಹೊರಗಿಟ್ಟ, ಅದೇ ಲಿನಕ್ಸ್. ಇಂಗ್ಲಿಷಿನವರಿಗೆ 'ಪುಕ್ಕಟೆ' ಮತ್ತು 'ಸ್ವತಂತ್ರ' ಎಂಬ ಎರಡಕ್ಕೂ ಒಂದೇ ಮಾತು ಇರುವುದರಿಂದ ಸ್ಟಾಲ್ಮನ್ ಬಾಳೆಲ್ಲ ಅದನ್ನು ಬಿಡಿಸಿ ಹೇಳಬೇಕಾಯಿತು. ನಮಗೆ 'ಮುಕ್ತ' ಎಂಬ ಮಾತು ಇದೆ. ಪುಕ್ಕಟೆ ಸಿಕ್ಕದ್ದೆಲ್ಲ ಮುಕ್ತವಲ್ಲವೆಂದು ನಾವು ಒಂದೇ ಉಸಿರಿನಲ್ಲಿ ಹೇಳಬಹುದು. 'ನುಡಿ' ಪುಕ್ಕಟೆಯಾಗಿ ಸಿಕ್ಕಿತು; ಆದರೆ ಅದನ್ನು ಬರೆದದ್ದು ವಿಂಡೋಸಿಗಾಗಿ. ಲಿನಕ್ಸ್ ಬಳಸುವ ಕನ್ನಡಿಗರು ತಮ್ಮ ದಾರಿಯನ್ನು ತಾವೇ ಕಡಿದುಕೊಳ್ಳಬೇಕಾಯಿತು. ಉತ್ಸಾಹಿಗಳು ಅದೇ ಕೀಲಿಮಣೆಯ ವಿನ್ಯಾಸವನ್ನು ಲಿನಕ್ಸಿಗೆ ಬರೆದು ಸೇರಿಸಿದರು. ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಮುಕ್ತ ಫಾಂಟುಗಳು ಒದಗಿದವು.

ಬೀಳಗಿಯವನು ಇದಕ್ಕೆ ಸೋಲಲಿಲ್ಲ.

"ನಿಂದೇನಲೇ, ಬೆಂಗಳೂರಾಗ ಕುಂತು ಮಾತಾಡ್ತಿ. ನಮ್ಮ ಕಚೇರ್ಯಾಗ ಮುಂಜಾನೆ ಉತಾರಕ್ಕಂತ ಐವತ್ತು ಮಂದಿ ಪಾಳಿ ಹಚ್ಚಿರ್ತಾರ. ನಾಕು ಮಂದಿ ನಾಕು ನಮೂನಿ ಲಿನಕ್ಸ್ ಹಾಕ್ಕೊಂಡು ಕುಂತ್ರ, ಒಬ್ಬನ ಕಡತ ಇನ್ನೊಬ್ಬನ ಕಡೆ ತೆರೀಲಿಲ್ಲಂದ್ರ, ಆ ಮಂದಿಗೆ ಯಾರು ಉತ್ತರ ಹೇಳಾವ್ರು?"

ಈ ಮಾತಿನ ತೂಕ ತಿಳಿಯಬೇಕಾದರೆ ಬೀಳಗಿಯನ್ನು ಬಲ್ಲವರಾಗಿರಬೇಕು. ಆಲಮಟ್ಟಿಯ ಹಿನ್ನೀರು ಏರಿದಾಗ ಆ ತಾಲೂಕಿನ ಎಷ್ಟೋ ಊರು, ಹೊಲಗಳು ಮುಳುಗಿದವು. ಮನೆ ಹೋಯಿತು, ಗುಡಿ ಹೋಯಿತು, ಬದುವಿನ ಬೇವಿನ ಮರ ಹೋಯಿತು. ಹೊಲ ಇತ್ತೆಂಬುದಕ್ಕೆ ಉಳಿದ ಸಾಕ್ಷಿ ಒಂದು ಉತಾರ ಮಾತ್ರ. ಪರಿಹಾರ, ಪುನರ್ವಸತಿ ಎಲ್ಲವೂ ಆ ಹಾಳೆಯ ಮೇಲೆ ನಿಂತವು. 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2001ರ ಹೊತ್ತಿಗೆ ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದು ಪ್ರತಿಯನ್ನು ಕೊಡತೊಡಗಿದರು. ದಾಖಲೆಯನ್ನು ತಿದ್ದುವ ನೌಕರ ಬೆರಳಚ್ಚು ಒತ್ತಿ ಒಳಹೋಗಬೇಕೆಂಬ ಏರ್ಪಾಡು ಮಾಡಿದರು. ತಿದ್ದಿದವನ ಗುರುತು ಉಳಿಯಿತು. ಕೈಬರಹದ ವಹಿಯಲ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೆಸರು ಬದಲಾದ ಕಥೆಗಳನ್ನು ಕೇಳಿದ್ದ ರೈತನಿಗೆ ಅದು ಸಣ್ಣ ಮಾತಲ್ಲ. ಹೊಂದಾಣಿಕೆ, ಭದ್ರತೆ ಎಂಬ ಮಾತುಗಳು ಅಲ್ಲಿ ಅನ್ನದ ಮಾತುಗಳೇ.

ಭದ್ರತೆಯ ಬಗೆಗೂ ಇಬ್ಬರಲ್ಲಿ ಒಮ್ಮತವಿಲ್ಲ. "ಎಲ್ಲಾರಿಗೂ ಕಾಣೋ ಕೀಲಿ ಕಳ್ಳಗೂ ಕಾಣ್ತೈತಿ" ಎನ್ನುತ್ತಾನೆ ಬೀಳಗಿಯವನು. "ಹತ್ತು ಮಂದಿ ನೋಡಿದ ಕೀಲಿನ ಗಟ್ಟಿ" ಎನ್ನುತ್ತಾನೆ ಮುಧೋಳದವನು. ಈಚಿನ ವರ್ಷಗಳ ಎರಡು ಘಟನೆಗಳನ್ನು ಅವರು ಒಬ್ಬರ ಮೇಲೊಬ್ಬರು ಎಸೆಯುತ್ತಿರುತ್ತಾರೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪೀಡೆ ಜಗತ್ತಿನ ಸುಮಾರು 150 ದೇಶಗಳ ವಿಂಡೋಸ್ ಯಂತ್ರಗಳಿಗೆ ಅಂಟಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದಕ್ಕೆ ಮದ್ದು ಎರಡು ತಿಂಗಳು ಮೊದಲೇ ಹೊರಬಂದಿತ್ತು, ಹಾಕಿಸಿಕೊಳ್ಳದವರು ಕೆಟ್ಟರು. 2024ರ ಮಾರ್ಚಿನಲ್ಲಿ ಲಿನಕ್ಸಿನ ಸರದಿ. ಕಡತಗಳನ್ನು ಅಡಕಗೊಳಿಸುವ ಒಂದು ಸಣ್ಣ ಮುಕ್ತ ತಂತ್ರಾಂಶದ ಕೆಲಸದಲ್ಲಿ, ಮುಖ ಕಾಣದ ಒಬ್ಬ ಸುಮಾರು ಎರಡು ವರ್ಷ ಒಳ್ಳೆಯವನಂತೆ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲೊಂದನ್ನು ಇಟ್ಟಿದ್ದ. ಯಂತ್ರದೊಳಗೆ ಪ್ರವೇಶಿಸುವಾಗ ಅರ್ಧ ಸೆಕೆಂಡು ಹೆಚ್ಚು ತಗಲುತ್ತದೆಂಬುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞ ಬೆನ್ನು ಹತ್ತಿ ಅದನ್ನು ಹಿಡಿದ. ಆತ ದುಡಿಯುತ್ತಿದ್ದುದು ವಿಂಡೋಸ್ ತಯಾರಿಸುವ ಕಂಪನಿಯಲ್ಲಿಯೇ! ಕಳ್ಳ ಒಳಬಂದದ್ದು ತೆರೆದ ಬಾಗಿಲಿನಿಂದ; ಅವನು ಸಿಕ್ಕಿಬಿದ್ದದ್ದೂ ಬಾಗಿಲು ತೆರೆದಿದ್ದರಿಂದಲೇ. ಎರಡು ಪಕ್ಷಕ್ಕೂ ಇದರಲ್ಲಿ ಪಾಲಿದೆ.

ನನಗೆ ಇಲ್ಲಿ ಮುಧೋಳದ ಫರ್ಮಾನುಗಳ ನೆನಪಾಗುತ್ತದೆ. ಘೋರ್ಪಡೆ ಮನೆತನದಲ್ಲಿದ್ದ ಫಾರಸಿ ಫರ್ಮಾನುಗಳು 1930ರ ದಶಕದಲ್ಲಿ ಅಚ್ಚಾಗಿ ಹೊರಬಂದಾಗ, ಅವುಗಳ ನೈಜತೆಯ ಬಗ್ಗೆ ಇತಿಹಾಸಕಾರರಲ್ಲಿ ವಾದ ಎದ್ದಿತು. ಮನೆಯ ಪೆಟ್ಟಿಗೆಯಲ್ಲಿಯೇ ಇದ್ದಿದ್ದರೆ ಅವುಗಳನ್ನು ಯಾರೂ ಸಂಶಯಿಸುತ್ತಿರಲಿಲ್ಲ, ಯಾರೂ ಸಮರ್ಥಿಸುತ್ತಲೂ ಇರಲಿಲ್ಲ. ತೆರೆದಿಡುವುದರಿಂದ ದಾಖಲೆ ತಾನಾಗಿ ಸತ್ಯವಾಗುವುದಿಲ್ಲ; ಅದನ್ನು ಪರೀಕ್ಷಿಸುವ ಅವಕಾಶ ಮಾತ್ರ ದೊರೆಯುತ್ತದೆ. ಪರೀಕ್ಷಿಸುವ ಶ್ರಮ ನಮ್ಮದು.

ಪ್ರತಿ ಮಾಡಿ ಹಂಚುವ ವಿಷಯದಲ್ಲಿ ಮಾತ್ರ ಮುಧೋಳದವನಿಗೆ ಅವನ ಊರೇ ಸಾಕ್ಷಿ ಒದಗಿಸುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ ಆ ಊರಿನವನು. ಅವನಿಗೆ ಆಶ್ರಯವಿತ್ತು, 993ರಲ್ಲಿ 'ಅಜಿತಪುರಾಣ'ವನ್ನು ಬರೆಯಿಸಿದ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಗ್ರಂಥ ಉಳಿಯುವುದು ಬೀಗದಿಂದಲ್ಲ, ಹಲವು ಕೈಗಳಲ್ಲಿ ಇರುವುದರಿಂದ ಎಂಬುದು ಆ ತಾಯಿಗೆ ಸಾವಿರ ವರ್ಷದ ಹಿಂದೆಯೇ ತಿಳಿದಿತ್ತು. ನಾನು ಒಂದೇ ಪ್ರತಿಯನ್ನು ಇಟ್ಟುಕೊಂಡು ಕುಳಿತಿದ್ದೆ.

ಆದರೆ ಪ್ರತಿ ಇದ್ದ ಮಾತ್ರಕ್ಕೆ ಸಾಲದೆಂಬುದನ್ನು ಜಮಖಂಡಿ ಕಲಿಸುತ್ತದೆ. ಪಟವರ್ಧನರ ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ದಫ್ತರಿನ ಭಾಷೆ ಮರಾಠಿ. ಅದನ್ನು ಅವಸರದ ಕೈ ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ನಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಜ್ಜನ ಕಾಲದ ಎರಡು ಮೋಡಿ ಕಾಗದಗಳಿವೆ. ಹರಿದಿಲ್ಲ, ಮಸಿ ಮಾಸಿಲ್ಲ. ಓದುವವರು ಮಾತ್ರ ಮನೆಯಲ್ಲಿಲ್ಲ. 2014ರಲ್ಲಿ ಮೋಡಿ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿತು. ಗಣಕಕ್ಕೆ ಈಗ ಮೋಡಿ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಯುನಿಕೋಡೊಂದೇ ದಾರಿಯೆಂದು ಈಗ ಬಹುಮಟ್ಟಿಗೆ ಒಪ್ಪಿಗೆಯಾಗಿದೆ. ವಿಂಡೋಸಿನಲ್ಲಿ 2001ರಲ್ಲಿ 'ತುಂಗಾ' ಫಾಂಟಿನೊಡನೆ ಅದು ಬಂದಿತು. ಲಿನಕ್ಸ್ ಅದನ್ನು ಅಳವಡಿಸಿಕೊಂಡಿತು. 2010ರ ನಂತರದ ವರ್ಷಗಳಲ್ಲಿ ಸರಕಾರವೂ ಅದನ್ನೇ ಶಿಷ್ಟವೆಂದು ಸ್ವೀಕರಿಸಿತು. ಆದರೆ ಅಲ್ಲಿಯೂ ವಾದಗಳು ಮುಗಿದಿಲ್ಲ. ರಕಾರದ ಮುಂದೆ ಯಕಾರ ಬಂದರೆ ಯಂತ್ರ ತಾನಾಗಿ ಅರ್ಕಾವೊತ್ತು ಕೊಡುತ್ತದೆ; 'ಕಾರ್ಯ'ಕ್ಕೆ ಅದು ಸರಿ. ಪರೀಕ್ಷೆಯಲ್ಲಿ 'ರ‍್ಯಾಂಕ್' ಬಂದವನ ಹೆಸರು ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಚಿಹ್ನೆಯನ್ನು ಸೇರಿಸಬೇಕು. ಒಂದು ತಂತ್ರಾಂಶ ಅದನ್ನು ಉಳಿಸಿದರೆ ಇನ್ನೊಂದು ನುಂಗಿಹಾಕುತ್ತದೆ.

ಇದಕ್ಕಿಂತ ಸ್ವಾರಸ್ಯವಾದದ್ದು ರಳವಾದ ೞಕಾರದ ಕಥೆ. ಹಳಗನ್ನಡದಲ್ಲಿ 'ಪೊೞಲ್' ಎಂದರೆ ಪಟ್ಟಣ; 'ಮುದುವೊೞಲ್' ಸವೆದು ಸವೆದು ಇಂದಿನ ಮುಧೋಳವಾಗಿದೆ. ಹೀಗೆ ರನ್ನನ ಊರಿನ ಹೆಸರಿನಲ್ಲಿಯೇ ಇದ್ದ ಆ ಅಕ್ಷರಕ್ಕೆ ಯುನಿಕೋಡಿನ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಆದರೆ ಅಲ್ಲಿ ಅದಕ್ಕೆ ಇಟ್ಟ ಹೆಸರು 'ಫ'! ತಪ್ಪು ತಿಳಿದ ಮೇಲೆ ತಿದ್ದಬಹುದಿತ್ತಲ್ಲವೆ ಎಂದರೆ, ಸಾಧ್ಯವಿಲ್ಲ. ಒಮ್ಮೆ ಇಟ್ಟ ಹೆಸರನ್ನು ಬದಲಿಸಿದರೆ ಅದನ್ನು ನಂಬಿ ಬರೆದ ತಂತ್ರಾಂಶಗಳು ಕೆಡಬಹುದೆಂದು ಅಲ್ಲಿ ಕಟ್ಟುನಿಟ್ಟಿನ ನಿಯಮವಿದೆ. ಆದ್ದರಿಂದ 'ಈ ಹೆಸರು ತಪ್ಪು' ಎಂದು ಪಕ್ಕದಲ್ಲೊಂದು ಟಿಪ್ಪಣಿ ಹಾಕಿ ಹಾಗೆಯೇ ಬಿಟ್ಟಿದ್ದಾರೆ. ಲಿನಕ್ಸಿನಲ್ಲಿಯೂ ಟೊರ್ವಾಲ್ಡ್ಸನ ಪಟ್ಟು ಅಂಥದೇ: ತಿರುಳಿನ ಒಳಗೆ ಏನು ಬದಲಿಸಿದರೂ, ಮೇಲೆ ನಡೆಯುತ್ತಿರುವ ಹಳೆಯ ತಂತ್ರಾಂಶ ಕೆಡಕೂಡದು. ಮೊದಲು ನನಗೆ ಇದು ಹಠವೆನಿಸಿತು. ಆಮೇಲೆ ಫ್ಲಾಪಿಯನ್ನು ನೆನೆದು ಅದರಲ್ಲಿರುವ ವಿವೇಕವನ್ನು ಒಪ್ಪಿದೆ. ಒಂದು ತಪ್ಪು ಹೆಸರಿನೊಡನೆ ನಾವು ಬಾಳಬಹುದು. ನಿನ್ನೆ ಬರೆದುದು ಇಂದು ಓದಲು ಬಾರದಂತಾದರೆ ಬಾಳುವುದು ಕಷ್ಟ. ಹೊಸದನ್ನು ಸೇರಿಸಲಂತೂ ಬಾಗಿಲು ತೆರೆದಿದೆ: 2021ರಲ್ಲಿ ಹಳಗನ್ನಡದ ನಕಾರಪೊಲ್ಲು ಆ ಓಣಿಗೆ ಒಕ್ಕಲು ಬಂದಿತು.

ನನ್ನ ಪುಸ್ತಕದ ಕಥೆ ಏನಾಯಿತೆಂದು ಕೇಳುವಿರಿ. ಮುಧೋಳದವನು ಆರು ತಿಂಗಳು ಬಿಡುವಿನ ವೇಳೆಯಲ್ಲಿ ದುಡಿದ. ಅಂಗಡಿಯವರು ಅಂದು ತೆಗೆದುಕೊಟ್ಟಿದ್ದ ಕರಡು ಪ್ರತಿಯ ಹನ್ನೊಂದು ಹಾಳೆಗಳು ನನ್ನಲ್ಲಿ ಉಳಿದಿದ್ದವು. ಅವನ್ನೂ ಪರದೆಯ ಚಿಹ್ನೆಗಳನ್ನೂ ಒಂದರ ಪಕ್ಕ ಒಂದಿಟ್ಟು, ಯಾವ ಚಿಹ್ನೆ ಯಾವ ಚೂರಿಗೆಂದು ಪಟ್ಟಿ ಮಾಡಿ, ಒಂದು ಪರಿವರ್ತಕವನ್ನು ಬರೆದ. ಬೀಳಗಿಯವನು ಕಚೇರಿ ಮುಗಿಸಿ ಬಂದು, ದಿನಕ್ಕೆ ನಾಲ್ಕು ಪುಟದಂತೆ ಓದಿ ತಪ್ಪುಗಳನ್ನು ಗುರುತಿಸಿದ. ವಾದ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಆದರೂ ಎಲ್ಲವೂ ಮರಳಲಿಲ್ಲ. ಫ್ಲಾಪಿಯಿಂದ ಇಳಿಸುವಾಗ ಕೆಲವು ಚಿಹ್ನೆಗಳು ಸಂಪೂರ್ಣ ಅಳಿಸಿಹೋಗಿದ್ದವು. ಅವು ಕಾಗುಣಿತದ ಕೆಲವು ಚೂರುಗಳು. ವಾಡಿಕೆಯ ಮಾತಿನಲ್ಲಿ ಒಂದು ಕೊಂಬು ಬಿದ್ದುಹೋದರೆ ನಾವು ಊಹಿಸಿ ತುಂಬುತ್ತೇವೆ, ಹಾಗೆಯೇ ತುಂಬಿದೆವು. ಆದರೆ ನಾನು ಆ ಸಂಗ್ರಹವನ್ನು ಮಾಡಿದ್ದೇ ಬೇರೆಲ್ಲಿಯೂ ಸಿಗದ ಮಾತುಗಳಿಗಾಗಿ. ಅವನ್ನು ಯಾವ ಆಧಾರದಿಂದ ಊಹಿಸುವುದು? ಬನಹಟ್ಟಿಗೆ ಮತ್ತೆ ಹೋಗಿ ಮನೆಮನೆ ತಿರುಗಿದೆ. ಕುಣಿಮಗ್ಗ ಇದ್ದ ಜಾಗದಲ್ಲಿ ವಿದ್ಯುತ್ ಮಗ್ಗಗಳು ಬಂದಿವೆ. ಕೆಲವರ ಮಕ್ಕಳು ಕಸುಬನ್ನೇ ಬಿಟ್ಟಿದ್ದಾರೆ. ಬಹಳಷ್ಟು ಮಾತುಗಳನ್ನು ಮುದುಕರು ನೆನಪಿನಿಂದ ತೆಗೆದುಕೊಟ್ಟರು. ಏಳು ಮಾತುಗಳು ಉಳಿದವು. ಅವುಗಳಲ್ಲಿ ಒಂದು, ಕಡಿದ ಎಳೆಗೆ ಹೆಂಗಸರು ಬೆರಳ ತುದಿಯಲ್ಲಿ ಹಾಕುವ ಒಂದು ಗಂಟಿನ ಹೆಸರು. ಅದನ್ನು ನನಗೆ ಹೇಳಿಕೊಟ್ಟ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ಸೊಸೆ ಆ ಗಂಟನ್ನು ನನ್ನ ಕಣ್ಣೆದುರೇ ಹಾಕಿ ತೋರಿಸಿದರು. "ಗಂಟು ಬರ್ತೈತ್ರಿ, ಹೆಸರ ಬರಂಗಿಲ್ಲ. ಅತ್ತಿ ಏನಂತಿದ್ರೋ ಮರ್ತೇನಿ" ಎಂದರು.

ಸಂಗ್ರಹವನ್ನು ಈಗ ಯುನಿಕೋಡಿನಲ್ಲಿ ಸಿದ್ಧಪಡಿಸಿ ಬೇಕಾದವರಿಗೆಲ್ಲ ಪ್ರತಿ ಕೊಡುತ್ತಿದ್ದೇನೆ. ಕಾಗದದ ಮೇಲೂ ಐವತ್ತು ಪ್ರತಿ ತೆಗೆಸಿ ಊರೂರಿಗೆ ಹಂಚಿದ್ದೇನೆ. ಆ ಏಳು ಕಡೆ ಅರ್ಥವನ್ನು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ರಬಕವಿ-ಬನಹಟ್ಟಿಯ ಕಡೆಯ ಹಿರಿಯರು ಯಾರಿಗಾದರೂ ಗೊತ್ತಿದ್ದರೆ, ಆ ಜಾಗಗಳನ್ನು ತುಂಬಿಕೊಡಬೇಕೆಂದು ಬೇಡಿಕೊಳ್ಳುತ್ತೇನೆ.